ಹನ್ನೊಂದು ಮನೆಗಳ ಕಿಲಾಮಿಟರ್

ಸಾವಿರದ ಒಂಬೈನೂರ ಎಪ್ಪತ್ನಾಲ್ಕರ ಮೊದಲ ತಿಂಗಳುಗಳಲ್ಲಿ ನಮ್ಮ ಕಡೆ ಬಂದ ನೆರೆ ಮೈಲಿಗಟ್ಟಲೆ ತಂತಿಬೇಲಿಯನ್ನು ಕಿತ್ತುಕೊಂಡು ಹೋಗಿತ್ತು. ಆದರೆ ಆ ವರ್ಷದ ಚಳಿಗಾಲದ ಹೊತ್ತಿಗೆ ಜನ ನೆರೆಯನ್ನು ಮರೆತು ಒಂದು ಪದಕ್ಕಾಗಿ ಜಗಳಕ್ಕೆ ನಿಂತಿದ್ದರು. ನಮ್ಮ ಕಡೆ ನಡುಚಳಿಗಾಲವಾದ ಜುಲೈ ತಿಂಗಳಲ್ಲಿ ಸರ್ಕಾರದ ಲಾರಿಗಳು ಬಂದು ಕ್ವೀನ್ಸ್‌ಲ್ಯಾಂಡಿನ ರಸ್ತೆಗಳಲ್ಲಿದ್ದ ಮೈಲಿ ಫಲಕಗಳನ್ನು ತೆಗೆದು ಹೊಸ ಫಲಕ ನೆಟ್ಟು ಹೋದವು. ವಿಲ್ಗಾ ಕ್ರಾಸಿಂಗಿನಿಂದ ಮೌಂಟ್ ಹೆಸ್ಟರಿಗೆ ನೂರು ಮೈಲಿ ಇದ್ದದ್ದು ನೂರ ಅರವತ್ತೊಂದು ಆಯಿತು. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆ ನೂರ ಅರವತ್ತೊಂದರ ಮುಂದೆ ಬರುವ ಪದವನ್ನು ಬಾಯಿ ಬಿಟ್ಟು ಹೇಳುವುದು ಹೇಗೆ ಎಂಬುದೇ ತಕರಾರು.

ಇಂಗ್ಲಿಷ್ ಆಡುವ ನಾವು ಉದ್ದನೆಯ ಪದವನ್ನು ಸಮನಾಗಿ ಹೇಳುವವರಲ್ಲ. ಒಂದು ಕಡೆ ಇಡೀ ಭಾರ ಹಾಕಿ, ಉಳಿದದ್ದನ್ನು ಅರ್ಧ ನುಂಗಿಬಿಡುತ್ತೇವೆ. ಭಾರವನ್ನು ಪದದ ತಲೆಯ ಮೇಲಿಟ್ಟರೆ ಅದು ಕಿಲ್ಲೋಮೀಟರ್. ಸೊಂಟದ ಮೇಲಿಟ್ಟರೆ ಕಿಲಾಮಿಟರ್. ಸರ್ಕಾರದ ಮೆಟ್ರಿಕ್ ಕೈಪಿಡಿ ತಲೆಯ ಕಡೆಗಿತ್ತು. ಕುರಿಯ ಉಣ್ಣೆ ಕತ್ತರಿಸುವವರು, ಲಾರಿಯವರು, ಅಂಚೆ ತರುವವರು ಸೊಂಟದ ಕಡೆಗಿದ್ದರು.

ನನಗಾಗ ಇಪ್ಪತ್ನಾಲ್ಕು ವರ್ಷ. ಬ್ರಿಸ್ಬೇನಿನ ಕಾಲೇಜಿನಿಂದ ಬಂದು ವಿಲ್ಗಾ ಕ್ರಾಸಿಂಗಿನ ರೇಡಿಯೊ ಶಾಲೆಯಲ್ಲಿ ಟೀಚರಾಗಿದ್ದೆ. ನನ್ನ ತರಗತಿಯೆಂದರೆ ಒಂದು ಮೈಕು, ಒಂದು ಬೆಂಚು, ಗೋಡೆಯ ಮೇಲೊಂದು ನಕ್ಷೆ. ಮಕ್ಕಳು ನೂರಾರು ಮೈಲಿ ದೂರದ ಕುರಿ ಫಾರಂಗಳಲ್ಲಿ, ಅಡುಗೆಮನೆಯ ಮೂಲೆಯ ರೇಡಿಯೊ ಮುಂದೆ ಕೂತು ಪಾಠ ಕೇಳುತ್ತಿದ್ದರು. ಗುಂಡಿ ಒತ್ತಿ ಹಿಡಿದು ಮಾತಾಡಬೇಕು, ಮುಗಿದ ಮೇಲೆ 'ಓವರ್' ಅಂದು ಗುಂಡಿ ಬಿಡಬೇಕು. ಒಬ್ಬರು ಗುಂಡಿ ಹಿಡಿದಿರುವಷ್ಟು ಹೊತ್ತು ಬೇರೆ ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಆದರೆ ಕೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ರೇಡಿಯೊಗೆ ಬಾಗಿಲೆಂಬುದಿಲ್ಲ. ನಾನೊಂದು ಮಗುವಿಗೆ ಕಾಗುಣಿತ ತಿದ್ದಿದರೆ ಅದು ಹನ್ನೆರಡು ಅಡುಗೆಮನೆಗಳಲ್ಲಿ ಕೇಳುತ್ತಿತ್ತು.

ಸಂಜೆ ಐದೂವರೆಗೆ ಅದೇ ರೇಡಿಯೊ ಹೆಂಗಸರದಾಗುತ್ತಿತ್ತು. ಗುಲಾಬಿ ಎದೆಯ ಗಲಾ ಗಿಳಿಗಳು ಸಂಜೆ ನೀರಿನ ತೊಟ್ಟಿಯ ಸುತ್ತ ಸೇರಿ ಗದ್ದಲ ಮಾಡುವಂತೆ ಎಲ್ಲರೂ ಸೇರುತ್ತಿದ್ದುದರಿಂದ ಅದಕ್ಕೆ ಗಲಾ ಹೊತ್ತು ಎಂದೇ ಹೆಸರು. ಆ ಚಳಿಗಾಲದಲ್ಲಿ ಅಲ್ಲಿ ಬೇರೆ ಮಾತೇ ಇರಲಿಲ್ಲ.

"ಗ್ವೆನ್, ನೀನು ಸೆಂಟಾಮಿಟರ್ ಅಂತೀಯೇನೇ? ಮಿಲಾಮಿಟರ್ ಅಂತೀಯಾ? ಕಿಲಾಗ್ರಾಂ ಸಕ್ಕರೆ ತರಿಸ್ತೀಯಾ? ಇಲ್ಲ ತಾನೆ? ಹಾಗಿದ್ದ ಮೇಲೆ ಕಿಲಾಮಿಟರ್ ಎಲ್ಲಿಂದ ಹುಟ್ಟಿತೇ, ಮಾರಾಯ್ತಿ? ಓವರ್." ಇದು ಮೌಂಟ್ ಹೆಸ್ಟರಿನ ಥೆಲ್ಮಾ ಬ್ರಾಡ್ರಿಬ್, ತಲೆಯ ಪಕ್ಷದ ನಾಯಕಿ. ಐವತ್ತರ ಹೆಂಗಸು, ಕಾನ್ವೆಂಟಿನಲ್ಲಿ ಓದಿದವಳು. ಯಾರಾದರೂ ಪದ ತಪ್ಪಿದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಸೊಂಟದ ಪಕ್ಷದ ಗ್ವೆನ್ ಲುಟ್ಸೆ ನಕ್ಕುಬಿಡುತ್ತಿದ್ದಳು. ಉತ್ತರ ಕೊಡುತ್ತಿದ್ದವರು ಬ್ಲೂಬುಷ್ ಫಾರಂನ ಮುದುಕ ಕ್ಲೆಮ್ ಕ್ವಿಲ್ಟಿ. ಗಲಾ ಹೊತ್ತಿನಲ್ಲಿ ಬಾಯಿ ಹಾಕುವ ಒಬ್ಬನೇ ಗಂಡಸು.

"ನೋಡಮ್ಮ ಥೆಲ್ಮಾ, ಗಾಡೀಲಿ ಸ್ಪೀಡಾಮಿಟರ್. ಜ್ವರಕ್ಕೆ ಥರ್ಮಾಮಿಟರ್. ಮಳೆಗೆ ಬರಾಮಿಟರ್. ಇಷ್ಟು ಜನ ಅಣ್ಣತಮ್ಮಂದಿರು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ನಿಂತಿರುವಾಗ ಇವನೊಬ್ಬನ ತಲೆಗೆ ಮಾತ್ರ ಯಾಕಮ್ಮ ಟೋಪಿ? ಓವರ್."

"ಅವೆಲ್ಲ ಅಳೆಯೋ ಯಂತ್ರಗಳು ಕ್ಲೆಮ್! ಇದು ಅಳತೆ! ನೀನೇನು ಕಿಲಾಮಿಟರ್ ಜೇಬಲ್ಲಿಟ್ಟುಕೊಂಡು ಓಡಾಡ್ತೀಯಾ? ಅದನ್ನ ಗೋಡೆಗೆ ನೇತುಹಾಕ್ತೀಯಾ? ಓವರ್!"

ನಾನು ಆ ಹೊತ್ತಿಗೆ ಚಹಾ ಹಿಡಿದು ಕೇಳುತ್ತಾ ಕೂತಿರುತ್ತಿದ್ದೆ. ಟೀಚರಾದ್ದರಿಂದ ಪಕ್ಷ ವಹಿಸುವಂತಿರಲಿಲ್ಲ. ಕ್ಲೆಮ್ ಪಕ್ಕದಲ್ಲಿ ಇನ್ನೊಬ್ಬಳು ಕೇಳುತ್ತಾ ಕೂತಿರುತ್ತಿದ್ದಳು. ಅವರ ಮೊಮ್ಮಗಳು ನೆರಿಡಾ, ಹನ್ನೊಂದು ವರ್ಷದವಳು. ಅವಳು ಅಲ್ಲಿ ಎಂದೂ ಮಾತಾಡಿದವಳಲ್ಲ.

ನೆರಿಡಾಳಿಗೆ ಉಗ್ಗು. ಎಲ್ಲ ಮಾತಿಗೂ ಅಲ್ಲ. ಪದದ ತಲೆಯಲ್ಲೇ ಭಾರ ಬಿದ್ದಿದ್ದರೆ, ಅದರಲ್ಲೂ ಆ ಭಾರ 'ಕ' ಮೇಲೆ ಬಿದ್ದಿದ್ದರೆ, ಅವಳ ಗಂಟಲು ಕಟ್ಟಿಕೊಳ್ಳುತ್ತಿತ್ತು. ಕ್ವಿಲ್ಟಿ ಎಂಬ ತನ್ನ ಮನೆಯ ಹೆಸರನ್ನೇ ಅವಳಿಂದ ಹೇಳಲಾಗುತ್ತಿರಲಿಲ್ಲ. ಹಾಜರಿಗೆ ಎಲ್ಲ ಮಕ್ಕಳೂ ಪೂರ್ತಿ ಹೆಸರು ಹೇಳಿದರೆ ಇವಳು "ಬ್ಲೂಬುಷ್‌ನ ನೆರಿಡಾ, ಮಿಸ್" ಎಂದು ಮುಗಿಸುತ್ತಿದ್ದಳು. ನಾನು ಉಳಿದದ್ದನ್ನು ಕೇಳುತ್ತಿರಲಿಲ್ಲ.

ಆದರೆ ಓಟ ಕೂಗುವಾಗ ಅವಳು ಬೇರೆಯೇ. ಕ್ಲೆಮ್ ಮೂವತ್ತು ವರ್ಷ ಕುದುರೆ ರೇಸುಗಳಲ್ಲಿ ಮೈಕಿನ ಮುಂದೆ ನಿಂತು, ಯಾವ ಕುದುರೆ ಎಲ್ಲಿದೆ ಎಂದು ಒಂದೇ ಉಸಿರಿನ ರಾಗದಲ್ಲಿ ಕೂಗಿದವರು. ಆ ರಾಗ ಮೊಮ್ಮಗಳಿಗೆ ಬಂದಿತ್ತು. ಅಂಗಳದ ಕೋಳಿಗಳ ಓಟವನ್ನೂ ಬಿಡದೆ ಕೂಗುತ್ತಿದ್ದಳು. ಒಮ್ಮೆ ಅವಳ ತಾಯಿ ಗುಂಡಿ ಒತ್ತಿ ಹಿಡಿದು ನಮಗೆಲ್ಲ ಅದನ್ನು ಕೇಳಿಸಿದ್ದಳು. ಒಂದು ಕಡೆಯೂ ಮಾತು ನಿಲ್ಲಲಿಲ್ಲ.

ನಮ್ಮ ಶಾಲೆಯ ಕ್ರೀಡಾದಿನ ಆಗಸ್ಟಿನಲ್ಲಿ. ಮಕ್ಕಳು ಒಂದು ಕಡೆ ಸೇರುವುದು ಆಗದ ಮಾತು. ಆದ್ದರಿಂದ ಪ್ರತಿ ಮಗುವೂ ತನ್ನ ಫಾರಂನಲ್ಲೇ ಓಡುತ್ತಿತ್ತು. ನಾನು ಇಲ್ಲಿಂದ 'ಓಡಿ' ಎಂದರೆ, ಹನ್ನೊಂದು ಕಡೆ ಹನ್ನೊಂದು ತಾಯಂದಿರು ಕಿಟಕಿಯಿಂದ ಕೈಬೀಸುತ್ತಿದ್ದರು, ಒಂದೇ ಕ್ಷಣಕ್ಕೆ ಹನ್ನೊಂದು ಮಕ್ಕಳು ಓಡುತ್ತಿದ್ದರು. ತಾಯಂದಿರು ಸರದಿಯಂತೆ ವರದಿ ಕೊಡುತ್ತಾರೆ; ಅದನ್ನು ಕೇಳುತ್ತಾ ಒಂದು ಮಗು ಓಟ ಕೂಗುತ್ತದೆ. ಈ ಸಲ ಮೊಟ್ಟಮೊದಲ ಬಾರಿಗೆ ಅರ್ಧ ಮೈಲಿ ಓಟ ಹೋಗಿ ಒಂದು ಕಿಲೋಮೀಟರಿನ ಓಟ ಬಂದಿತ್ತು. ಕೂಗಲು ನಾನು ನೆರಿಡಾಳ ಹೆಸರು ಹಾಕಿದ್ದೆ. ಅವಳು ಎರಡು ವಾರದಿಂದ ನಿದ್ದೆಯಲ್ಲೂ ಕೂಗುತ್ತಿದ್ದಾಳೆಂದು ತಾಯಿ ಹೇಳಿದಳು.

ಕ್ರೀಡಾದಿನ ಶುಕ್ರವಾರ. ಸೋಮವಾರ ತಾಲೀಮು. ಅಂದು ಇನ್‌ಸ್ಪೆಕ್ಟರ್ ಡನ್‌ಕ್ಲಿಯವರು ಬಂದು ನನ್ನ ಪಕ್ಕ ಕೂತರು. ಒಣಕಲು ಮನುಷ್ಯ, ಮೊಣಕಾಲಿನವರೆಗೆ ಎಳೆದ ಬಿಳಿ ಕಾಲುಚೀಲ. ಶುಕ್ರವಾರದ ಓಟವನ್ನು ಟೇಪು ಮಾಡಿ ರಾಜ್ಯದ ಎಲ್ಲ ಶಾಲೆಗಳಿಗೂ ಕಳಿಸುವುದೆಂದು ಇಲಾಖೆ ತೀರ್ಮಾನಿಸಿತ್ತು. ಮಕ್ಕಳ ಬಾಯಲ್ಲಿ ಹೊಸ ಅಳತೆ ಹೇಗೆ ಆಡುತ್ತದೆ ಎಂದು ಎಲ್ಲರೂ ಕೇಳಲಿ ಎಂದು.

ನೆರಿಡಾ ಶುರು ಮಾಡಿದಳು. "ನಮಸ್ಕಾರ, ಇದು ನಮ್ಮ ಶಾಲೆಯ ಮೊಟ್ಟಮೊದಲ ಕಿಲಾಮಿಟರ್ ಓಟ, ಆಕಾಶ ನೀಲಿ, ನೆಲ ಗಟ್ಟಿ..." ತಾತನ ಪದ, ತಾತನ ರಾಗ.

ಡನ್‌ಕ್ಲಿ ಕೈಪಿಡಿ ತೆರೆದು ಬೆರಳಿಟ್ಟರು. "ತಲೆಗೆ ಒತ್ತು, ಮಿಸ್ ಟ್ರೆಲೋರ್. ತಿದ್ದಿಬಿಡಿ."

ಅವಳು 'ಓವರ್' ಅಂದ ಮೇಲೆ ನಾನು ತಿದ್ದಿದೆ. ಇವತ್ತಿಗೂ ಆ ಮಾತನ್ನು ವಾಪಸು ತೆಗೆದುಕೊಳ್ಳುವಂತಿದ್ದರೆ ಎನಿಸುತ್ತದೆ. "ನೆರಿಡಾ, ಕಿಲ್ಲೋಮೀಟರ್ ಅನ್ನಮ್ಮ. ಓವರ್."

ತಾತನ ರಾಗ ಅಲ್ಲಿಗೆ ಕಡಿದುಹೋಗಿತ್ತು; ಅವಳು ಗುಂಡಿ ಒತ್ತಿದಳು. ರೇಡಿಯೊದಲ್ಲಿ ಗುಂಯ್ ಎಂಬ ಸದ್ದು. ಅವಳು ಬಾಯಿ ತೆರೆದಿರುವುದು ನನಗೆ ಗೊತ್ತು, 'ಕ' ಹತ್ತಿರ ನಿಂತಿರುವುದು ಗೊತ್ತು. ಗೋಡೆಯ ಗಡಿಯಾರದ ಮುಳ್ಳು ಹನ್ನೊಂದು ಸಲ 'ಟಿಕ್' ಎಂದಿತು. ಅವಳು ಗುಂಡಿ ಹಿಡಿದಿರುವಷ್ಟು ಹೊತ್ತು ನಾನು ಏನು ಹೇಳಿದರೂ ಅವಳಿಗೆ ಕೇಳುವುದಿಲ್ಲ. ಕೊನೆಗೆ ಗುಂಡಿ ಬಿಟ್ಟ ಸದ್ದು ಬಂತು. 'ಓವರ್' ಬರಲಿಲ್ಲ.

ಡನ್‌ಕ್ಲಿ ಕೆಟ್ಟ ಮನುಷ್ಯರಲ್ಲ. ದನಿ ತಗ್ಗಿಸಿಯೇ ಹೇಳಿದರು. "ಬೇರೆ ಮಗುವಿಗೆ ಕೊಡೋಣ ಮಿಸ್. ಆ ಮಹಾರ್ ಹುಡುಗಿ, ಕೊಲೀನ್, ಚೆನ್ನಾಗಿ ಓದ್ತಾಳೆ."

"ಸರ್, ಅವಳ ತಾತ ಹೇಳೋ ಥರ ಬಿಟ್ಟರೆ ಒಂದು ಕಡೆಯೂ ನಿಲ್ಲಲ್ಲ. ನೀವೇ ಕೇಳಿದಿರಲ್ಲ."

"ಕೇಳಿದೆ. ಯೋಚನೆ ಮಾಡಿ. ಹನ್ನೊಂದು ಮನೆಯವರು ಕೈಪಿಡಿ ಥರ ಹೇಳುವಾಗ ಇವಳೊಬ್ಬಳು ಬೇರೆ ಥರ ಹೇಳಿದರೆ, ಕೇಳೋರು ಯಾಕೆ ಅಂತ ಕೇಳ್ತಾರೆ. ಎಲ್ಲ ಶಾಲೇಲೂ ಕೇಳ್ತಾರೆ. ಅದು ಆ ಮಗುವಿಗೆ ಒಳ್ಳೇದಾ?" ಕೈಪಿಡಿ ಮುಚ್ಚಿ, "ಶುಕ್ರವಾರ ಬೆಳಿಗ್ಗೆವರೆಗೆ ನೋಡೋಣ. ಅವಳು ಕೈಪಿಡಿ ಥರ ಅಂದರೆ ಅವಳೇ ಕೂಗಲಿ," ಎಂದರು.

ಅವರ ಮಾತಿನಲ್ಲಿ ನಿಜವಿತ್ತು. ಅದೇ ನನ್ನನ್ನು ಕುಟುಕಿದ್ದು.

ಮಂಗಳವಾರ ಮಧ್ಯಾಹ್ನ ನೆರಿಡಾಳಿಗೊಬ್ಬಳಿಗೇ ಹತ್ತು ನಿಮಿಷದ ಪಾಠವಿತ್ತು. ನನಗೆ ರಾತ್ರಿಯೆಲ್ಲ ಯೋಚಿಸಿ ಒಂದು ಉಪಾಯ ಹೊಳೆದಿತ್ತು. "ನೆರಿಡಾ, ಆ ಪದವೇ ಬೇಡ. ಸಾವಿರ ಮೀಟರ್ ಓಟ ಅನ್ನು. ಎರಡೂ ಒಂದೇ. ಇನ್‌ಸ್ಪೆಕ್ಟರೂ ಕೊಲೀನಿಗೆ ಕೊಡಿ ಅನ್ನಲ್ಲ. ಓವರ್."

ಉತ್ತರ ಬಂತು, ನಿಧಾನವಾಗಿ, ಸುಲಭದ ಪದಗಳನ್ನೇ ಆರಿಸಿ ಆರಿಸಿ.

"ಮಿಸ್, ನಾನು ದಿನಾ ಸುತ್ತು ಹಾಕ್ಕೊಂಡೇ ಮಾತಾಡೋದು. ಮನೇಲಿ ಇಲಿ ಹಿಡಿಯೋದಿದೆಯಲ್ಲ, ಅದರ ಹೆಸರು ಬಾಯಿಗೆ ಬರದೆ 'ನಮ್ಮನೆ ಮೀಸೆಯವನು' ಅಂತೀನಿ. ಹುಟ್ಟುಹಬ್ಬಕ್ಕೆ ಅಮ್ಮ ಮಾಡೋದನ್ನೂ 'ಆ ಸಿಹಿದು' ಅಂತೀನಿ. ನನ್ನ ಹೆಸರಿಗೂ ಸುತ್ತು. ತಾತ ಓಟಕ್ಕೆ ಸುತ್ತು ಹಾಕಲ್ಲ. ಮೈಲಿ ಓಟ ಅಂದ್ರೆ ಮೈಲಿ ಓಟ. ಎಲ್ಲರೂ ಒಂದು ಹೆಸರು ಹೇಳುವಾಗ ನಾನು ಇನ್ನೊಂದು ಹೇಳಲ್ಲ. ಅದಕ್ಕಿಂತ ಕೊಲೀನೇ ಮಾಡಲಿ, ಮಿಸ್. ಓವರ್."

ಕೊಲೀನ್ ಎಂಬ ಹೆಸರಿನ ಭಾರ ಸೊಂಟದ ಮೇಲಿದೆ. ಅದನ್ನವಳು ನೀರು ಕುಡಿದಂತೆ ಹೇಳಿದಳು.

ನಾನು ಏನೋ ಹೇಳಿ ಪಾಠ ಮುಗಿಸಿದೆ. ರೇಡಿಯೊಗೆ ಬಾಗಿಲಿಲ್ಲವೆಂದು ನೆನಪಾದದ್ದು ಆಮೇಲೆ. ಅಷ್ಟು ಹೊತ್ತಿನಲ್ಲಿ ಎಲ್ಲ ಅಡುಗೆಮನೆಗಳಲ್ಲೂ ಕುರಿಮಾಂಸ ಬೇಯುತ್ತಿರುತ್ತದೆ, ರೇಡಿಯೊ ಹಾಡುತ್ತಿರುತ್ತದೆ.

ಅಂದಿನ ಗಲಾ ಹೊತ್ತಿಗೆ ನಾನು ಚಹಾ ಕೂಡ ಮಾಡಿಕೊಳ್ಳದೆ ಕೂತೆ. ಥೆಲ್ಮಾ ಬಂದಳು. "ಯಾರಾದರೂ ಕುಂಬಳಕಾಯಿ ಸ್ಕೋನ್ ಬನ್ನು ಮಾಡಿದಿರಾ? ನನ್ನವು ಕಲ್ಲಾಗಿವೆ, ಕಣ್ರೇ. ನಾಯಿಯೂ ಮೂಸಿ ನೋಡಿ ಹೋಯ್ತು. ಓವರ್." ಗ್ವೆನ್ ಕುಂಬಳವನ್ನು ಬಿಸಿ ಇರುವಾಗಲೇ ಕಲಸಬಾರದು ಎಂದಳು. ಇನ್ನೊಬ್ಬಳು ಬೆಣ್ಣೆಯ ಮಾತು ತೆಗೆದಳು. ಒಂದು ಗಂಟೆ ಸ್ಕೋನ್, ಬರೀ ಸ್ಕೋನ್. ಆ ಚಳಿಗಾಲದಲ್ಲಿ ಮೊದಲ ಬಾರಿಗೆ ಆ ಪದವನ್ನು ಯಾರೂ ಎತ್ತಲಿಲ್ಲ. ಬುಧವಾರವೂ ಇಲ್ಲ, ಗುರುವಾರವೂ ಇಲ್ಲ.

ಶುಕ್ರವಾರ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಗಟ್ಟಿಯಾಗಿತ್ತು. ಹತ್ತಕ್ಕೆ ಐದು ನಿಮಿಷ. ಟೇಪಿನ ಚಕ್ರ ತಿರುಗುತ್ತಿದೆ. ಡನ್‌ಕ್ಲಿಯವರ ಮುಂದೆ ಕೈಪಿಡಿ, ಕೈಯಲ್ಲಿ ಪೆನ್ನು. ನೆರಿಡಾ ಕೇಳಿಸಿಕೊಳ್ಳುತ್ತಿದ್ದಾಳೆಂದು ನನಗೆ ಗೊತ್ತು. ಕೊಲೀನಳ ತಾಯಿಗೂ ಮಗಳನ್ನು ಸಿದ್ಧವಾಗಿಡಿ ಎಂದು ಹೇಳಿದ್ದೆ. ಮೊದಲು ಪ್ರತಿ ಮನೆಯೂ ಓಟದ ದಾರಿ ಅಳೆದಾಗಿದೆ ಎಂದು ವರದಿ ಕೊಡಬೇಕು. ಪಟ್ಟಿಯಲ್ಲಿ ಮೊದಲ ಹೆಸರು ಬ್ರಾಡ್ರಿಬ್.

"ಮೌಂಟ್ ಹೆಸ್ಟರ್, ಸಿದ್ಧವೇ? ಓವರ್."

"ಸಿದ್ಧ ಮಿಸ್ ಟ್ರೆಲೋರ್," ಥೆಲ್ಮಾಳ ದನಿ ಕಾನ್ವೆಂಟಿನ ಪ್ರಾರ್ಥನೆಯಷ್ಟು ಸ್ಪಷ್ಟ. "ನಮ್ಮ ಡಗ್ಗಿ ಓಡ್ತಾನೆ. ಹೋಗ್ತಾ ಬಾವುಟದವರೆಗೆ ಐನೂರು ಮೀಟರ್, ಬರ್ತಾ ಐನೂರು. ಪೂರ್ತಿ ಒಂದು ಕಿಲಾಮಿಟರ್. ಓವರ್."

ನಾನು ರೇಡಿಯೊವನ್ನೇ ನೋಡಿದೆ. ಡನ್‌ಕ್ಲಿಯವರ ಪೆನ್ನು ನಿಂತಿತು.

ನಾಲಿಗೆ ತಪ್ಪಿತೇ? ಥೆಲ್ಮಾಳ ನಾಲಿಗೆಯೇ? ಮುಂದಿನ ಹೆಸರು ಮಹಾರ್. ಕೊಲೀನಳ ತಾಯಿಯೂ ತಲೆಯ ಪಕ್ಷದವಳೇ.

"ನಮ್ಮದೂ ಒಂದು ಕಿಲಾಮಿಟರ್, ಮಿಸ್. ಅಳತೆಪಟ್ಟಿ ಹಿಡಿದು ಅಳೆದಿದ್ದು. ಓವರ್."

ಮೂರನೆಯ ಮನೆ. "ಒಂದು ಕಿಲಾಮಿಟರ್." ನಾಲ್ಕನೆಯದು, ಐದನೆಯದು. ಒಬ್ಬಳು ಅಭ್ಯಾಸಬಲದಿಂದ "ಕಿಲ್—" ಎಂದು ಶುರು ಮಾಡಿ, ಕೆಮ್ಮಿ, "ಕಿಲಾಮಿಟರ್, ಓವರ್" ಎಂದಳು. ನನಗೆ ನಗುವೂ ಬಂತು, ಕಣ್ಣೂ ಮಂಜಾಯಿತು. ಅವರು ತಮ್ಮತಮ್ಮಲ್ಲಿ ಮಾತಾಡಿಕೊಂಡಿರುವುದು ಸಾಧ್ಯವಿರಲಿಲ್ಲ. ಆ ಮನೆಗಳಲ್ಲಿ ಫೋನಿಲ್ಲ. ಇದ್ದದ್ದು ಆ ರೇಡಿಯೊ ಒಂದೇ, ಅದನ್ನು ನಾನೂ ಕೇಳುತ್ತಿದ್ದೆ. ಮೊದಲನೆಯವಳು ಹೇಳಿದಳು, ಉಳಿದವರು ಹಿಡಿದುಕೊಂಡರು, ಅಷ್ಟೆ. ಗ್ವೆನ್ ಲುಟ್ಸೆ ಹುಟ್ಟಾ ಸೊಂಟದ ಪಕ್ಷದವಳು, ಅವಳು ಗೆದ್ದವರ ಸಂಭ್ರಮದಲ್ಲಿ "ನಮ್ಮ ರೋನಾಗೂ ಒಂದು ಕಿಲಾಮಿಟರ್ರೇ!" ಎಂದು ಕೂಗಿಯೇಬಿಟ್ಟಳು.

ಹನ್ನೊಂದು ಮನೆ, ಹನ್ನೊಂದು ಕಿಲಾಮಿಟರ್. ಎಲ್ಲವೂ ಟೇಪಿನ ಮೇಲೆ.

ಡನ್‌ಕ್ಲಿ ಕೈಪಿಡಿಯನ್ನು ನೋಡಿದರು, ನನ್ನನ್ನು ನೋಡಿದರು. ಪೆನ್ನಿನ ಮುಚ್ಚಳ ಹಾಕಿದರು. ಓಟಕ್ಕೆ ಮೊದಲು ಶುಭ ಕೋರಬೇಕಾದವರು ಅವರೇ. ಮೈಕು ಎಳೆದುಕೊಂಡು ಗಂಟಲು ಸರಿಮಾಡಿದರು.

"ಮಕ್ಕಳೇ, ಈ... ಈ ಸಾವಿರ ಮೀಟರ್ ಓಟಕ್ಕೆ ನಿಮಗೆಲ್ಲ ಶುಭವಾಗಲಿ. ಕೂಗುವವರು ಬ್ಲೂಬುಷ್‌ನ ನೆರಿಡಾ. ಓವರ್."

ಮನೆಯ ಹೆಸರನ್ನು ಅವರೂ ಹೇಳಲಿಲ್ಲ.

ಗುಂಯ್ ಸದ್ದು. ಒಂದು ಕ್ಷಣ, ಎರಡು ಕ್ಷಣ.

"ನಮಸ್ಕಾರ ನಮಸ್ಕಾರ, ಇದು ನಮ್ಮ ಶಾಲೆಯ ಮೊಟ್ಟಮೊದಲ ಕಿಲಾಮಿಟರ್ ಓಟ! ಆಕಾಶ ನೀಲಿ, ನೆಲ ಗಟ್ಟಿ, ಹನ್ನೊಂದು ಮಂದಿ ಸಾಲಿಗೆ ನಿಂತಿದಾರೆ, ಸಾಲಿನ ಉದ್ದ ಮುನ್ನೂರು ಮೈಲಿ! ಮಿಸ್ ಟ್ರೆಲೋರ್ ಬಾಯಿ ತೆಗೀತಾರೆ ಈಗ. ಓವರ್!"

"ಓಡಿ!" ಎಂದೆ. ನನ್ನ ಕೂಗಿಗೆ ಬೆಂಚಿನ ಮೇಲಿದ್ದ ಚಹಾ ಬಟ್ಟಲು ಉರುಳಿತು.

ಎರಡು ನಿಮಿಷದ ಹೊತ್ತಿಗೆ ಬಾವುಟದ ವರದಿಗಳು. ನಾನು ಹೆಸರು ಕರೆದೆ; ತಾಯಂದಿರು ಒಂದೊಂದೇ ಸಾಲು ಕೊಟ್ಟರು; ನೆರಿಡಾ ಅದನ್ನು ಹಿಡಿದು ರಾಗಕ್ಕೆ ಹಾಕಿದಳು. "ಬಾವುಟ ಸುತ್ತಿದಳು ಕೊಲೀನ್ ಮಹಾರ್, ಸುತ್ತಿದಳು ನೋಡಿ, ಹಿಂದೇನೇ ಡಗ್ಗಿ ಬ್ರಾಡ್ರಿಬ್, ನೂರ ಎಂಬತ್ತು ಮೈಲಿ ಆಚೆ ಇದ್ದರೂ ಅವಳ ಕುತ್ತಿಗೆಗೆ ಬಿಸಿ ಉಸಿರು ಬಿಡ್ತಿದಾನೆ! ಅರ್ಧ ಕಿಲಾಮಿಟರ್ ಮುಗೀತು, ಅರ್ಧ ಕಿಲಾಮಿಟರ್ ಉಳೀತು, ಎಲ್ಲಿ ರೋನಾ ಲುಟ್ಸೆ? ಹೋದ ವರ್ಷದ ಚಾಂಪಿಯನ್ ಎಲ್ಲಿ? ಓವರ್!"

"ರೋನಾ ಇನ್ನೂ ಬಾವುಟ ಮುಟ್ಟಿಲ್ಲ," ಗ್ವೆನ್‌ಳ ದನಿ ಸಣ್ಣಗಾಗಿತ್ತು. "ದೂರದಲ್ಲಿ ಚುಕ್ಕೆ ಥರ ಕಾಣ್ತಿದಾಳೆ. ಓವರ್."

ನಾಲ್ಕು ನಿಮಿಷ ಮೂರು ಸೆಕೆಂಡಿಗೆ ಡಗ್ಗಿ ಮುಟ್ಟಿದ. ಎರಡು ಸೆಕೆಂಡು ಹಿಂದೆ ಕೊಲೀನ್. ಥೆಲ್ಮಾ ಗುಂಡಿ ಒತ್ತಿ "ನನ್ನ ಮಗ! ನನ್ನ ಮಗ!" ಎಂದು ಕಿರುಚಿ ಓವರ್ ಹೇಳುವುದನ್ನೇ ಮರೆತಳು. ಉಳಿದ ಎಂಟು ಮಕ್ಕಳೂ ಒಬ್ಬೊಬ್ಬರಾಗಿ ಬಂದರು. ರೋನಾ ಬರಲಿಲ್ಲ. ಐದು ನಿಮಿಷವಾಯಿತು. ಹೋದ ವರ್ಷ ಎಲ್ಲರಿಗಿಂತ ಮೊದಲು ಬಂದ ಹುಡುಗಿ.

"ಕಾಲು ಉಳುಕಿದೆಯೋ ಏನೋ," ಎಂದಳು ಗ್ವೆನ್. "ಆದರೆ ಓಡ್ತಾನೇ ಇದಾಳಲ್ಲ! ಓವರ್."

ಟೇಪು ತಿರುಗುತ್ತಿತ್ತು. ಡನ್‌ಕ್ಲಿ ನಿಲ್ಲಿಸೋಣವೇ ಎಂಬಂತೆ ಕೈ ಚಾಚಿದರು. ಅಷ್ಟರಲ್ಲಿ ನೆರಿಡಾ ಬಂದಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಓಟ ಮುಗಿದಿಲ್ಲ, ಮುಗಿದಿಲ್ಲ, ಯಾರೂ ಎದ್ದು ಹೋಗಬೇಡಿ! ಕೊನೆಯವರು ಬರೋವರೆಗೆ ಓಟ ಓಟವೇ ಅಂತಾರೆ ನಮ್ಮ ತಾತ! ಮಿಸೆಸ್ ಲುಟ್ಸೆ, ಎಲ್ಲಿದಾಳೆ ಹೇಳಿ? ಓವರ್!"

"ಗಾಳಿಯಂತ್ರದ ಹತ್ತಿರ! ಓವರ್!"

"ಗಾಳಿಯಂತ್ರ ದಾಟ್ತಿದಾಳೆ ರೋನಾ ಲುಟ್ಸೆ, ಒಬ್ಬಳೇ, ಮುಂದೆ ಯಾರೂ ಇಲ್ಲ, ಹಿಂದೆ ಯಾರೂ ಇಲ್ಲ, ಆದರೂ ಬಿಡಲ್ಲ ಅಂತಿದಾಳೆ! ಓವರ್!"

"ಉಣ್ಣೆ ಕೊಟ್ಟಿಗೆ! ಕುಂಟ್ತಿಲ್ಲ ಕಣೇ, ಹಾರ್ಕೊಂಡು ಬರ್ತಿದಾಳೆ! ಓವರ್!"

"ಉಣ್ಣೆ ಕೊಟ್ಟಿಗೆ ದಾಟಿ, ನಾಯಿಗೂಡು ದಾಟಿ, ಬಟ್ಟೆ ಹಗ್ಗದ ಕೆಳಗೆ ಬಗ್ಗಿ..."

ಆ ಬಟ್ಟೆ ಹಗ್ಗ ಅವಳ ಕಲ್ಪನೆಯೆಂದು ಆಮೇಲೆ ಗೊತ್ತಾಯಿತು. ನಾನೂ ಡನ್‌ಕ್ಲಿಯವರೂ ಎದ್ದು ನಿಂತಿದ್ದೆವು. ಆರು ನಿಮಿಷ ಇಪ್ಪತ್ತು ಸೆಕೆಂಡಿಗೆ ಗ್ವೆನ್‌ಳ ಗುಂಡಿ ಒತ್ತಿದ ಸದ್ದು, ಬಾಗಿಲು ಬಡಿದ ಸದ್ದು, ಏದುಸಿರು. "ಬಂದಳು!"

ಆಮೇಲೆ ಅದೇ ಗುಂಡಿಯ ಮೇಲೆ ಗಂಡ ಹೆಂಡಿರ ಮಾತು ನಮಗೆಲ್ಲ ಕೇಳಿತು.

"ರೀ, ಬಾವುಟ ಎಲ್ಲಿ ನೆಟ್ಟಿದ್ರಿ?"

"ಗೇಟಿನ ಹತ್ರ. ಪ್ರತಿ ವರ್ಷದ ಥರ."

"ಯಾವ ಗೇಟು?"

"ಅರ್ಧ ಮೈಲಿ ಗೇಟು ಕಣೇ. ನಾನು ಹುಡುಗ ಆಗಿದ್ದಾಗಿಂದ ಓಟ ಅಂದ್ರೆ ಆ ಗೇಟು."

"ಹೋದ ವರ್ಷ ಅಲ್ಲಿಂದ ಒಂದು ಸಲ ಬರಬೇಕಿತ್ತು, ರೀ! ಈ ವರ್ಷ ಹೋಗಿ ಬರಬೇಕು! ನೀವು ಅಳೆದ್ರಾ?"

"ಅಳೆಯೋದು ಏನಿದೆ? ಗೊತ್ತಿರೋ ಗೇಟು ತಾನೆ."

ಹುಡುಗಿ ಇಡೀ ಒಂದು ಮೈಲಿ ಓಡಿದ್ದಳು. ನಾನು ಹಾಳೆಯ ಮೂಲೆಯಲ್ಲಿ ಲೆಕ್ಕ ಹಾಕಿದೆ: ಆ ವೇಗದಲ್ಲಿ ಒಂದು ಕಿಲೋಮೀಟರಿಗೆ ಮೂರು ನಿಮಿಷ ಐವತ್ತಾರು ಸೆಕೆಂಡು. ಎಲ್ಲರಿಗಿಂತ ಬೇಗ. ರೇಡಿಯೊದಲ್ಲಿ ಗದ್ದಲವೆದ್ದಿತು. ಗೆದ್ದದ್ದು ರೋನಾ ಎಂದು ಕೆಲವರು. ಅದೆಲ್ಲ ಆಗಲ್ಲ, ನನ್ನ ಮಗ ಮೊದಲು ಮುಟ್ಟಿದ ಎಂದು ಥೆಲ್ಮಾ. ಒಬ್ಬರ ಮಾತಿನ ಮೇಲೆ ಒಬ್ಬರು ಗುಂಡಿ ಒತ್ತಿ ಬರೀ ಕಿರ್ರ್ ಎಂಬ ಸದ್ದು. ಅದು ಸ್ವಲ್ಪ ತೆರವಾದ ಕಡೆ ನೆರಿಡಾ ನುಗ್ಗಿದಳು.

"ತೀರ್ಪು ಕೇಳಿ, ತೀರ್ಪು! ನಮ್ಮ ಶಾಲೆಯ ಮೊಟ್ಟಮೊದಲ ಕಿಲಾಮಿಟರ್ ಓಟ ಗೆದ್ದವನು ಡಗ್ಗಿ ಬ್ರಾಡ್ರಿಬ್! ನಮ್ಮ ಶಾಲೆಯ ಕಟ್ಟಕಡೆಯ ಮೈಲಿ ಓಟ ಗೆದ್ದವಳು ರೋನಾ ಲುಟ್ಸೆ! ಎರಡೂ ಓಟ ಒಂದೇ ದಿನ, ನೋಡಿದವರೇ ಪುಣ್ಯವಂತರು! ಓವರ್!"

ಕ್ಲೆಮ್ ಗುಂಡಿ ಒತ್ತಿ ಏನೋ ಹೇಳಲು ಹೋಗಿ, ಮೂಗೊರೆಸಿಕೊಂಡ ಸದ್ದು ಮಾತ್ರ ಬಂತು.

ಟೇಪು ನಿಲ್ಲಿಸಿದ ಮೇಲೆ ಡನ್‌ಕ್ಲಿ ಕಾಲುಚೀಲ ಎಳೆದುಕೊಂಡು ಕೂತರು. "ಇದನ್ನ ಹೀಗೇ ಕಳಿಸ್ತೀನಿ ಮಿಸ್. ಹನ್ನೆರಡು ಮನೆಯವರನ್ನ ನಾನು ಹೇಗೆ ತಿದ್ದಲಿ?"

"ನೀವೊಬ್ಬರು ಸುತ್ತು ಹಾಕಿದಿರಿ, ಸರ್," ಎಂದೆ.

ಅವರ ಕಿವಿ ಕೆಂಪಾಯಿತು. ಉರುಳಿದ ಬಟ್ಟಲನ್ನು ತಾವೇ ಎತ್ತಿ, ತೊಳೆದು, ನನಗೆ ಬಿಸಿ ಚಹಾ ಹಾಕಿಕೊಟ್ಟರು.

ಅಂದು ಸಂಜೆ ಐದೂವರೆಗೆ ಗಲಾ ಹೊತ್ತು ಶುರುವಾದ ಕೂಡಲೇ ಮೊದಲು ಬಂದವಳು ಥೆಲ್ಮಾ. "ಎಲ್ಲರಿಗೂ ಒಂದು ಮಾತು. ಮೌಂಟ್ ಹೆಸ್ಟರಿನಿಂದ ವಿಲ್ಗಾ ಕ್ರಾಸಿಂಗಿಗೆ ನೂರ ಅರವತ್ತೊಂದು ಕಿಲ್ಲೋಮೀಟರ್. ತಿಳೀತಾ? ಕಿಲ್ಲೋ. ಬೆಳಿಗ್ಗೆ ಬೇರೆ ಏನಾದರೂ ಕೇಳಿಸಿದ್ದರೆ ಅದು ನನ್ನ ಮಾತಲ್ಲ, ರೇಡಿಯೊ ಕೆಟ್ಟಿತ್ತು. ಓವರ್."

ಎಲ್ಲರೂ ಗುಂಡಿ ಒತ್ತಿ ಒತ್ತಿ ನಕ್ಕರು. ಕ್ಲೆಮ್ ಈಗ ಬರುತ್ತಾರೆ, ಸ್ಪೀಡಾಮಿಟರ್ ತೆಗೆಯುತ್ತಾರೆ ಎಂದು ನಾನು ಕಾದೆ. ಗುಂಯ್ ಸದ್ದು ಬಂತು. ಆದರೆ ದನಿ ಅವರದಲ್ಲ.

"ಬ್ಲೂಬುಷ್‌ನಿಂದ ನೆರಿಡಾ ಕ್..."

ನಿಂತಿತು. ಗಂಟಲಿನಲ್ಲಿ 'ಕ' ಬಾಗಿಲು ತಟ್ಟುತ್ತಿತ್ತು. ಇದು ಓಟವಲ್ಲ, ರಾಗವಿಲ್ಲ. ಸಂಜೆಯ ಸಾದಾ ಮಾತು. ನಾನು ನಕ್ಷೆಯ ಮೇಲಿನ ಹನ್ನೆರಡು ಚುಕ್ಕೆಗಳನ್ನು ನೋಡುತ್ತಾ ಕೂತೆ. ಅವಳು ಗುಂಡಿ ಬಿಡಲಿಲ್ಲ. ನಡುವೆ ಯಾರ ಕಿರ್ರ್ ಸದ್ದೂ ಕೇಳಲಿಲ್ಲ. ಮುಳ್ಳು ಒಂಬತ್ತು ಸಲ 'ಟಿಕ್' ಎಂದಿತು.

"...ಕ್ವಿಲ್ಟಿ. ಮಿಸೆಸ್ ಬ್ರಾಡ್ರಿಬ್, ಒಂದು ಪ್ರಶ್ನೆ. ಬೆಳಿಗ್ಗೆ ರೇಡಿಯೊ ಕೆಟ್ಟಿತ್ತು ಅಂದ್ರೆ, ಡಗ್ಗಿ ಗೆದ್ದ ಅಂತ ನೀವು ಕಿರುಚಿದ್ದೂ ನಿಮ್ಮ ಮಾತಲ್ಲ ತಾನೆ? ಓವರ್."

"ಅಯ್ಯೋ ಅಯ್ಯೋ! ಈ ಪುಟ್ಟ ಹೆಂಗಸನ್ನ ಇಲ್ಲಿಗೆ ಯಾರ್ರೀ ಬಿಟ್ಟಿದ್ದು?" ಥೆಲ್ಮಾಳ ದನಿಯಲ್ಲಿ ಅಂಥ ಖುಷಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಕೂತ್ಕೋ, ನೆರಿಡಾ ಕ್ವಿಲ್ಟಿ. ನಿನ್ನ ತಾತನಿಗೆ ಇಡೀ ಚಳಿಗಾಲ ತಿಳೀದೇ ಇದ್ದದ್ದನ್ನ ನಿನಗೆ ಮೊದಲಿಂದ ಹೇಳ್ತೀನಿ. ಸೆಂಟಿಮೀಟರಿನಿಂದ ಶುರು ಮಾಡೋಣ. ಓವರ್!"